ಬೇಸ್‌ಮೆಂಟಿಗೆ ಬರುವ ಮಗ

ಜೂನ್ 4, ಮಂಗಳವಾರ

ಸೂಪಿಗೆ ಸೊಪ್ಪು ಹೆಚ್ಚುತ್ತಿದ್ದೆ. ಕೆಳಗೆ ಮತ್ತೆ ಅದೇ ಗಂಡಸಿನ ದನಿ. ಅಲ್ಲಿ ಬಾಡಿಗೆಗಿರೋ ವರ್ಲಿನ್, ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಹೋಗಿದ್ದಾಳೆ, ಕಣ್ಣಾರೆ ನೋಡಿದ್ದೇನೆ. ಹಾಗಾದರೆ ಬೇಸ್‌ಮೆಂಟಿನಲ್ಲಿ ಮಾತಾಡೋನು ಯಾರು? ಒಬ್ಬಳೇ ಇರ್ತೀನಿ ಅಂತ ಹೇಳಿ ಬಾಡಿಗೆಗೆ ಬಂದವಳು. ಒಂಬತ್ತು ವರ್ಷವಾಯ್ತು. ಒಂದು ತಕರಾರಿಲ್ಲ, ಒಂದು ಜಗಳವಿಲ್ಲ. ಅದೇ ನನಗೆ ಸರಿಬರೋದಿಲ್ಲ. ಅಷ್ಟು ಒಳ್ಳೆಯವರು ಏನಾದರೂ ಮುಚ್ಚಿಟ್ಟಿರ್ತಾರೆ.

ನನ್ನ ಹತ್ತಿರ ಇರೋ ಕೀಲಿ ತೆಗೆದುಕೊಂಡು ಇಳಿದೆ. ಒಳಗೆ ಯಾರೂ ಇಲ್ಲ. ರೇಡಿಯೊ! ಕ್ರಿಕೆಟ್ಟು. ಮಂಚದ ಕೆಳಗೂ ಬಗ್ಗಿ ನೋಡಿ ಏಳುವಷ್ಟರಲ್ಲಿ ಅವಳೇ ಬಾಗಿಲಲ್ಲಿ. ಊಟದ ಡಬ್ಬಿ ಮರೆತಿದ್ದಳಂತೆ. ಕಳ್ಳರು ಬರದಿರಲಿ ಅಂತ ರೇಡಿಯೊ ಹಾಕಿಟ್ಟು ಹೋಗ್ತಾಳಂತೆ. ನಾನು ಹೊರಗೆ ಬರೋವರೆಗೂ ಬಾಗಿಲು ಹಿಡಿದು ನಿಂತಳು.

ಜೂನ್ 9, ಭಾನುವಾರ

ಮಗ ದುವಾರ್ತೆ ಬಂದಿದ್ದ. ಒಬ್ಬನೇ. ಹೆಂಡತಿ ಎಲ್ಲೋ ಅಂದರೆ ತಲೆ ತಗ್ಗಿಸಿದ. ಅವನಿಗೂ ಶೆರಿಗೂ ಸರಿಹೋಗ್ತಿಲ್ಲವಂತೆ, ಬೇರೆ ಆಗ್ತಾರಂತೆ, ಸದ್ಯಕ್ಕೆ ಸ್ನೇಹಿತನ ಮನೇಲಿದ್ದಾನಂತೆ. ಇಷ್ಟು ವರ್ಷದ ಸಂಸಾರ! "ಕೆಳಗಿನ ಮನೆ ಖಾಲಿ ಮಾಡಿಸಮ್ಮಾ, ನಾನೇ ಬಂದಿರ್ತೀನಿ. ಅಪ್ಪ ಹೋದ್ಮೇಲೆ ನೀನೂ ಒಂಟಿ." ಅತ್ತುಬಿಟ್ಟೆ. ಬಕಲ್ಯಾವು ಮೀನು ಎರಡು ಸಲ ಬಡಿಸಿದೆ. ನನ್ನ ಗಂಡ ಆರ್ಮಿಂದು ತೀರಿಕೊಂಡ ಮೇಲೆ ಮನೇನ ನನ್ನ, ಮಗನ ಇಬ್ಬರ ಹೆಸರಿಗೂ ಮಾಡಿಸಿದ್ದು ಒಳ್ಳೆಯದೇ ಆಯ್ತು... ನಮ್ಮದು ಅನ್ನೋದು ಕಷ್ಟಕಾಲಕ್ಕೆ ಒದಗಬೇಕು.

ಜೂನ್ 20

ಪ್ಯಾರಾಲೀಗಲ್ ಹತ್ತಿರ ಹೋಗಿದ್ದೆವು. ಒಡೆಟ್ ಲಮಾರ್ಶ್ ಅಂತ. ಪೂರ್ತಿ ವಕೀಲೆಯಲ್ಲ, ಬಾಡಿಗೆ ಕೇಸಿನಂಥವಕ್ಕೆ ಲೈಸೆನ್ಸು ಇರೋಳು. ಕೀಲಿ ತೆಗೆದು ಒಳಗೆ ಹೋದದ್ದು ಹೇಳಿದೆ. ಕನ್ನಡಕದ ಮೇಲಿಂದ ನೋಡಿದಳು—ಮುಂಚಿನ ದಿನವೇ ಬರೆದು ಕೊಡದೆ ಬಾಡಿಗೆಯವರ ಮನೆಗೆ ಕಾಲಿಡೋ ಹಾಗಿಲ್ಲವಂತೆ. ನನ್ನ ಮನೆಗೆ ನಾನೇ!

ಮಾಲೀಕರ ಸ್ವಂತ ಮಗ ಬಂದಿರ್ತಾನೆ ಅಂದರೆ ಕಾನೂನು ಒಪ್ಪುತ್ತಂತೆ. ಎರಡು ತಿಂಗಳ ನೋಟಿಸು ಕೊಡಬೇಕು. ವರ್ಲಿನ್ ಬಿಡದಿದ್ದರೆ ಬಾಡಿಗೆ ಮಂಡಳಿಯ ಮುಂದೆ ಹಿಯರಿಂಗು. ಅಲ್ಲಿ ಅವನು ಪ್ರಮಾಣ ಮಾಡಿ ಹೇಳಬೇಕು: ನಾನೇ ಇರ್ತೀನಿ, ಒಂದು ವರ್ಷವಾದರೂ ಇರ್ತೀನಿ ಅಂತ. ಬೀಗ ಬದಲಾಯಿಸಬೇಡಿ, ಹೀಟರು ನಿಲ್ಲಿಸಬೇಡಿ, ಜಗಳ ತೆಗೀಬೇಡಿ ಅಂತೆಲ್ಲ ಹೇಳಿದಳು. ಕೊನೆಗೆ ನನ್ನ ಕಡೆ ತಿರುಗಿ, "ಇದರಲ್ಲಿ ಸುಳ್ಳಿದ್ದರೆ ಈಗಲೇ ಹೇಳಿಬಿಡಿ" ಅಂದಳು. ಎಂಥಾ ಅನುಮಾನದ ಹೆಂಗಸಪ್ಪಾ. ಮಗ ಹೆಂಡತಿ ಬಿಟ್ಟು ಬರ್ತಿದ್ದಾನೆ, ಅದರಲ್ಲಿ ಸುಳ್ಳೇನು ಬಂತು?

ಜೂನ್ 27

ನೋಟಿಸು ಕೊಟ್ಟೆ. ವರ್ಲಿನ್ ನಿಂತಲ್ಲೇ ಓದಿದಳು. "ನಿಮ್ಮ ಮಗ? ಇಲ್ಲಿ?" ಅಷ್ಟೇ ಕೇಳಿದ್ದು. ಆ ದನಿ ನನಗೆ ಹಿಡಿಸಲಿಲ್ಲ.

ಜುಲೈ 14, ಭಾನುವಾರ

ಒಳಗೆ ಬರ್ತೀವಿ ಅಂತ ವರ್ಲಿನ್‌ಗೆ ನಿನ್ನೆಯೇ ಬರೆದು ಕೊಟ್ಟಿದ್ದೆ, ಎಲ್ಲ ಕ್ರಮಪ್ರಕಾರ. ದುವಾರ್ತೆ ಕೆಳಗಿನ ಮನೆ ನೋಡೋಕೆ ಯಾರನ್ನೋ ಕರೆದುಕೊಂಡು ಬಂದ, ಬಡಗಿ ಅಂದ. ಬಡಗಿಗೆ ಅಂಥಾ ಮಿರಿಮಿರಿ ಬೂಟು? ಕೆಂಪು ಚುಕ್ಕಿ ಬೀಳೋ ಯಂತ್ರ ಹಿಡಿದು ಗೋಡೆ ಅಳೆದ. ಕೆಳಗಾಯ್ತು. ಆಮೇಲೆ ಮೇಲೆ ಬಂದು ಅಡುಗೆಮನೆ, ಹಾಲ್, ನನ್ನ ಮಲಗೋ ಕೋಣೆ...

ಅವರು ಹೋದ ಮೇಲೆ ವರ್ಲಿನ್ ಹಿತ್ತಲಲ್ಲಿ ಸಿಕ್ಕಳು. "ಡೋನಾ ಇಲ್ದಾ," ಅಂದಳು, ನನ್ನ ಹೆಸರಿಗೆ ಮರ್ಯಾದೆ ಸೇರಿಸಿ ಹಾಗೇ ಕರೆಯೋದು ಅವಳು, "ಕೆಳಗೆ ಇರೋರು ಮೇಲ್ಗಡೆ ಯಾಕೆ ಅಳೀತಾರೆ?" ರೇಗಿಹೋಯ್ತು. ತಾಯಿ ಮಗನ ಮಧ್ಯೆ ಹುಳಿ ಹಿಂಡೋಕೆ ನೋಡ್ತಾಳೆ! ನಿನಗ್ಯಾಕೆ ಅಂತ ಮುಖ ತಿರುಗಿಸಿ ಬಂದೆ.

ಬಂದು ಕೂತ ಮೇಲೆ ಅದೇ ಪ್ರಶ್ನೆ ನನ್ನನ್ನೂ ಕೊರೀತಿದೆ.

ಸೆಪ್ಟೆಂಬರ್ 21

ನೋಟಿಸಿನ ಗಡುವು ದಾಟಿದರೂ ವರ್ಲಿನ್ ಬಿಟ್ಟಿಲ್ಲ. ಹಿಯರಿಂಗು ನವೆಂಬರಿನಲ್ಲಿ.

ಇವತ್ತಿನ ವಿಷಯ ಬೇರೆ. ಅಂಗಡಿಗೆ ದ್ರಾಕ್ಷಿ ಬಂದಿದೆ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಒಂದು ವರ್ಷವೂ ವೈನು ಮಾಡೋದು ತಪ್ಪಿಸಿಲ್ಲ. ಆರ್ಮಿಂದು ತೀರಿಕೊಂಡ ವರ್ಷವೂ ಮಾಡಿದೆವು, ಅಳ್ತಾ ಮಾಡಿದೆವು. ಎಷ್ಟು ಪೆಟ್ಟಿಗೆ ಹೇಳಲಿ ಅಂತ ದುವಾರ್ತೆಗೆ ಫೋನು ಮಾಡಿದರೆ, ಈ ವರ್ಷ ಬೇಡಮ್ಮಾ ಅಂದ. ಯಾಕೋ ಅಂದೆ. ಬೇಡ ಅಂದ್ನಲ್ಲ ಅಂದ. ಗ್ಯಾರೇಜಿಗೆ ಹೋಗಿ ನೋಡಿದರೆ ದ್ರಾಕ್ಷಿ ಹಿಂಡೋ ಒತ್ತುಯಂತ್ರ ಇಲ್ಲ. ಅದು ಇದ್ದ ಜಾಗದಲ್ಲಿ ಧೂಳಿನ ಗುರುತು ಮಾತ್ರ.

ಈ ಮನೆಗೇ ಬಂದು ಇರೋನು ಈ ಮನೆಯ ವೈನು ಯಾಕೆ ಬೇಡ ಅಂತಾನೆ?

ಸೆಪ್ಟೆಂಬರ್ 22

ಇನ್ನೊಂದು. ಬಂದಾಗಲೆಲ್ಲ ಅವನ ಶರ್ಟು ಇಸ್ತ್ರಿಯಾಗಿರುತ್ತೆ. ತೋಳಿನಲ್ಲಿ ಶೆರಿ ಹಾಕೋ ಹಾಗೆ ಎರಡು ಗೆರೆ. ಇವನು ಹುಟ್ಟಿದಾಗಿನಿಂದ ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ದು ನಾನು ಕಂಡಿಲ್ಲ.

ಛೆ. ಹೆತ್ತ ಮಗನ ಮೇಲೆ.

ಅಕ್ಟೋಬರ್ 13, ಭಾನುವಾರ

ಹೇಳದೆ ಕೇಳದೆ ಮಿಸಿಸಾಗಾದಲ್ಲಿರೋ ಮಗ ಸೊಸೆಯ ಮನೆಗೆ ಹೊರಟೆ. ಎರಡು ಬಸ್ಸು. ಕೈಯಲ್ಲಿ ಸಿಹಿ ಬ್ರೆಡ್ಡು, ಹೋಗೋಕೆ ಒಂದು ನೆಪ ಬೇಕಲ್ಲ. ಬಾಗಿಲು ತೆಗೆದವನು ದುವಾರ್ತೆ. ಕಾಲಲ್ಲಿ ಮನೆಯೊಳಗೆ ಹಾಕೋ ಚಪ್ಪಲಿ. ಬಟ್ಟೆ ತಗೊಂಡು ಹೋಗೋಕೆ ಬಂದೆ ಅಂದ. ಒಳಗಿಂದ ಶೆರಿ ಓಡಿ ಬಂದು ತಬ್ಬಿಕೊಂಡಳು. ಪಾಪ, ಅವಳಿಗೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ.

"ಅಮ್ಮಾ, ನಿಮ್ಮ ರೂಮು ನೋಡಿ ಬನ್ನಿ. ಬಣ್ಣ ಆಯ್ತು."

ನನ್ನ ರೂಮು!

ವಾಪಸು ಕಾರಿನಲ್ಲಿ ಕರೆತರ್ತಾ ಎಲ್ಲಾ ಬಾಯಿಬಿಟ್ಟ. ಬೇರೆ ಆಗೋದೂ ಇಲ್ಲ, ಏನೂ ಇಲ್ಲ. ಬಡಗಿ ಅಂತ ಬಂದವನು ಮನೆ ಮಾರಿಸೋ ಏಜೆಂಟಂತೆ. ಬಾಡಿಗೆಯವರು ಕೂತಿರೋ ಮನೆಗೆ ಗಿರಾಕಿ ಬರಲ್ಲ, ಖಾಲಿ ಇದ್ದರೆ ಬರ್ತಾರೆ, ಮಾರಿಬಿಟ್ಟು ನನ್ನನ್ನ ಅವರ ಜೊತೆ ಇಟ್ಟುಕೊಳ್ತಾರೆ—ಇದು ಲೆಕ್ಕ. "ನಿನ್ನ ಒಳ್ಳೇದಕ್ಕೇ ಅಮ್ಮಾ. ಮುಂಚೆ ಹೇಳಿದ್ರೆ ನೀನು ಒಪ್ತಿದ್ಯಾ? ಹಿಯರಿಂಗಲ್ಲಿ ಹೌದು ಅಂದ್ಬಿಡು, ಸಾಕು."

ಮನೆ ಬಂತು. ಅವನನ್ನ ಒಳಗೆ ಕರೆಯಲಿಲ್ಲ. ವರ್ಲಿನ್ ಮಂಚದ ಕೆಳಗೆ ಬಗ್ಗಿ ನೋಡಿದೆನಲ್ಲ, ಎಂಥಾ ಪೆದ್ದಿ ನಾನು.

ನವೆಂಬರ್ 18

ನಾಳೆ ಹಿಯರಿಂಗು. ಒಡೆಟ್ ಫೋನು ಮಾಡಿದ್ದಳು, ಏನಾದರೂ ಹೇಳೋದಿದೆಯಾ ಅಂತ. ಏನೂ ಇಲ್ಲ ಅಂದು ಫೋನು ಇಟ್ಟೆ. ಎಷ್ಟಾದರೂ ನನ್ನ ಮಗ. ನಾಳೆ ಕೈಕಾಲು ಬಿದ್ದರೆ ನೋಡಿಕೊಳ್ಳೋನು ಅವನೇ.

ನವೆಂಬರ್ 19, ಸಂಜೆ

ಹಿಯರಿಂಗು ಲ್ಯಾಪ್‌ಟಾಪಿನಲ್ಲೇ. ಅಡುಗೆಮನೆ ಮೇಜಿನ ಹತ್ತಿರ ನಾನೂ ದುವಾರ್ತೆಯೂ. ಒಡೆಟ್ ಅವಳ ಆಫೀಸಿನಿಂದ. ವರ್ಲಿನ್ ನಮ್ಮ ಕಾಲಡಿಯಲ್ಲಿ—ಅವಳ ಮಾತು ಒಂದು ಸಲ ಪರದೆಯಿಂದ, ಇನ್ನೊಂದು ಸಲ ನೆಲದೊಳಗಿಂದ. ದುವಾರ್ತೆ ಪ್ರಮಾಣ ಮಾಡಿದ. ಬಂದಿರ್ತೀನಿ, ವರ್ಷಪೂರ್ತಿ ಇರ್ತೀನಿ. ರೆಪ್ಪೆ ಬಡಿಯಲಿಲ್ಲ. ಚಿಕ್ಕವನಿದ್ದಾಗ ಇಷ್ಟು ಚೆನ್ನಾಗಿ ಸುಳ್ಳು ಹೇಳ್ತಿರಲಿಲ್ಲ.

ತೀರ್ಪು ಕೊಡೋ ಹೆಂಗಸು ನನ್ನನ್ನ ಕೇಳಿದಳು. "ಮಿಸೆಸ್ ಫುರ್ತಾದೊ, ನಿಮ್ಮ ಮಗ ಅಲ್ಲಿ ಬಂದು ವಾಸ ಮಾಡ್ತಾರೆ ಅಂತ ನೀವು ನಂಬ್ತೀರಾ?"

ಮೇಜಿನ ಕೆಳಗೆ ಅವನು ನನ್ನ ಕೈ ಹಿಡಿದುಕೊಂಡ.

"ಇಲ್ಲ" ಅಂದೆ. "ಅವನಿಗೆ ಮನೆ ಮಾರಬೇಕಾಗಿದೆ."

ಕೈ ಬಿಟ್ಟ. ಒಡೆಟ್ ಕನ್ನಡಕ ತೆಗೆದಿಟ್ಟಳು. ಅರ್ಜಿ ವಜಾ. ದುವಾರ್ತೆ ಕೋಟು ಹಾಕಿಕೊಂಡು, ಇನ್ನು ಮೇಲೆ ನಿನ್ನನ್ನ ಕೆಳಗಿನವಳೇ ನೋಡಿಕೊಳ್ಳಲಿ ಅಂದು ಹೊರಟೇಹೋದ.

ಅತ್ತು ಮುಗಿಸೋ ಹೊತ್ತಿಗೆ ಕೆಳಗೆ ಟೇಪು ಎಳೆಯೋ ಸದ್ದು. ಡಬ್ಬ ಕಟ್ಟೋ ಟೇಪು. ಮೆಟ್ಟಿಲ ಹತ್ತಿರ ನಿಂತು ಕೂಗಿದೆ. ಬಾಗಿಲು ತೆಗೆದಳು. ಹಿಂದೆ ಗೋಡೆಯೆತ್ತರ ಡಬ್ಬಗಳು. ಬೇರೆ ಮನೆ ಹೋದ ತಿಂಗಳೇ ಸಿಕ್ಕಿತ್ತಂತೆ, ಮುಂಗಡವನ್ನೂ ಕೊಟ್ಟಾಗಿದೆಯಂತೆ.

"ಮತ್ತೆ ಇವತ್ತು ಯಾಕಮ್ಮಾ ಕೇಸು ನಡೆಸಿದೆ?"

"ಒಂಬತ್ತು ವರ್ಷ ಆಯ್ತಲ್ಲ ಡೋನಾ ಇಲ್ದಾ. ನೀವೂ ಸುಳ್ಳು ಹೇಳ್ತೀರಾ ಅಂತ ನೋಡ್ಬೇಕಿತ್ತು."

"ಹೇಳಲಿಲ್ಲವಲ್ಲ."

"ಹೇಳಲಿಲ್ಲ" ಅಂದಳು. ಮೆತ್ತಗೆ ಅಂದಳು. ಆಮೇಲೆ ಮತ್ತೆ ಟೇಪು.

ಮೇಲೆ ಬಂದು ಕಾಫಿಗೆ ಇಟ್ಟಿದ್ದೇನೆ. ಅವಳನ್ನೂ ಕರೆಯೋಣ ಅಂತ ಆಸೆ. ಆದರೆ ಕರೆದರೆ ಏನಂದುಕೊಳ್ತಾಳೆ? ಇದರಲ್ಲೂ ಏನೋ ಇದೆ ಅಂತ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ತಿದ್ದೆ.