ಆರುನೂರ ಇಪ್ಪತ್ತರ ಗೆರೆ

ವಿದ್ಯಾಗಿರಿ, ಬಾಗಲಕೋಟೆ
12 ಜನವರಿ 2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಂಜನಾ,

ಕೆಮ್ಮು ಹೇಗಿದೆ? ಹೋದ ಭಾನುವಾರ ಫೋನಿನಲ್ಲಿ ಮಾತಾಡುವಾಗ ಮೂರು ಸಲ ಕೆಮ್ಮಿದೆ, ನಾನು ಎಣಿಸಿದ್ದೇನೆ. ಬೆಸುಗೆ ಪರೀಕ್ಷೆ ಮಾಡುವವಳು ಹೊಗೆ ಹೋಗುವ ಕಡೆ ನಿಲ್ಲಬಾರದು, ಗಾಳಿ ಬರುವ ಕಡೆ ನಿಲ್ಲಬೇಕು. ಇದನ್ನು ನಿನಗೆ ಹತ್ತನೇ ಇಯತ್ತೆಯಲ್ಲೇ ಹೇಳಿಕೊಟ್ಟಿದ್ದೆ. ಗುಜರಾತಿನಲ್ಲಿ ಜೀರಿಗೆ ಸಿಗದೆ ಏನು, ನೀರಿಗೆ ಹಾಕಿ ಕುದಿಸಿ ಕುಡಿ. ನಾನು ಆರಾಮ ಇದ್ದೇನೆ. ನಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ಇಂಗ್ಲಿಷ್ ಪತ್ರ ಶುರುಮಾಡುವ ರೀತಿ ಕಲಿಸಿದ್ದರು: ಹೋಪಿಂಗ್ ದಿಸ್ ಲೆಟರ್ ಫೈಂಡ್ಸ್ ಯು ಇನ್ ದಿ... ಅದರ ಮುಂದೆ ಒಂದು ಬಣ್ಣದ ಹೆಸರು ಬರುತ್ತಿತ್ತು. ಬೆಳಿಗ್ಗೆಯಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ, ಹಸಿರಂತೂ ಅಲ್ಲ. ಫೋನಿದ್ದೂ ಕಾಗದ ಏಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನೀನು "ಹೂಂ, ಹೇಳಪ್ಪಾ" ಅಂದ ಕೂಡಲೇ ಹೇಳಬೇಕಾದ ಮಾತು ಹೊಟ್ಟೆಗೆ ಇಳಿದು ಬಿಡುತ್ತದೆ. ಹೇಳಬೇಕಾದದ್ದು ಒಂದಿದೆ. ನಿನ್ನ ಆಫೀಸಿನ ಗೋಡೆಗೆ ಅಂಟಿಸಿದ್ದೀಯಲ್ಲ, ಕುಲುಮೆಯ ಕಾವು ಗೆರೆಯಾಗಿ ಬರೆದ ನನ್ನ ಚಾರ್ಟು, ಅದರ ವಿಷಯ.

ಮೊದಲು ಮನೆಯ ಸುದ್ದಿ. ಮೇಲಿನ ಕೋಣೆಯ ಕಾಲೇಜು ಹುಡುಗಿಯರು ಸಂಕ್ರಾಂತಿಗೆ ಊರಿಗೆ ಹೋದರು. ಅವರು ಇದ್ದಾಗ ಬಕೆಟ್ಟಿನ ಸಪ್ಪಳಕ್ಕೆ ಬೈಯುತ್ತಿದ್ದೆ, ಈಗ ಬೆಳಿಗ್ಗೆ ಆರಕ್ಕೆ ಎಚ್ಚರಾಗಿ ಆ ಸಪ್ಪಳಕ್ಕಾಗಿ ಕಾಯುತ್ತಾ ಮಲಗಿರುತ್ತೇನೆ. ರೊಟ್ಟಿ ನಾನೇ ಬಡಿಯುತ್ತೇನೆ. ಒಂದೇ ರೊಟ್ಟಿಗೆ ಹಿಟ್ಟು ನಾದುವುದು ಭಾಳ ಕಷ್ಟ, ಗೊತ್ತೇನು? ನಾಲ್ಕಕ್ಕೆ ಸರಿಯಾಗುವ ಹದ ಒಂದಕ್ಕೆ ಆಗುವುದಿಲ್ಲ. ಅದಕ್ಕೆ ಎರಡು ಮಾಡುತ್ತೇನೆ, ಎರಡನೆಯದು ಸಂಜೆಗೆ. ನಿನ್ನ ಅವ್ವನ ಕಟ್ಟಿಗೆಯ ಪರಾತದ ಬಿರುಕು ಇನ್ನೂ ದೊಡ್ಡದಾಗಿದೆ. ಕಟ್ಟಿಗೆಗೆ ನನ್ನ ಬೆಸುಗೆ ನಡೆಯುವುದಿಲ್ಲ.

ರಿಟೈರಾದ ಮೇಲೂ ಹುನಗುಂದ ರಸ್ತೆಯ ನಮ್ಮ ಕಾರ್ಖಾನೆಯವರು ವಾರಕ್ಕೆ ಎರಡು ದಿನ ಕರೆಯುತ್ತಾರೆ. ಈಗ ಸಕ್ಕರೆ ಕಾರ್ಖಾನೆಯೊಂದಕ್ಕೆ ಮೂರು ದಪ್ಪ ಗೋಡೆಯ ಉಗಿ ಪಾತ್ರೆ ಮಾಡಿಕೊಡಬೇಕಾಗಿದೆ. ಪರೀಕ್ಷೆಗೆ ಬಂದವನು ಫೈಜಾನ ಅಂತ, ಇಳಕಲ್ಲಿನ ಹುಡುಗ, ನಿನ್ನದೇ ವಯಸ್ಸು, ನಿನ್ನ ಹಾಗೆಯೇ ಜೇಬಿನಲ್ಲಿ ಟಾರ್ಚು. ಇಂಥ ಪಾತ್ರೆ ಮಾಡುವ ಮೊದಲು ಅದೇ ದಪ್ಪದ ಒಂದು ಪ್ಲೇಟನ್ನು ಅದೇ ರೀತಿ ಬೆಸೆದು, ಕುಲುಮೆಯಲ್ಲಿ ಕಾಯಿಸಿ, ನಿಧಾನ ಆರಿಸಿ, ಪಟ್ಟಿಪಟ್ಟಿಯಾಗಿ ಕತ್ತರಿಸಿ ಬಗ್ಗಿಸಿ ನೋಡಿರಬೇಕು ಎನ್ನುವುದು ನಿನಗೆ ನಾನು ಹೇಳುವ ಮಾತಲ್ಲ. ನಮ್ಮ ಪರೀಕ್ಷೆ ಆರು ವರ್ಷದ ಹಿಂದೆ ಆದದ್ದು. ಅದರ ಆಧಾರದ ಮೇಲೆಯೇ ಇಲ್ಲಿಯವರೆಗೆ ಹನ್ನೊಂದು ಪಾತ್ರೆ ಹೊರಗೆ ಹೋಗಿವೆ. ಫೈಜಾನ ಫೈಲು ತಿರುವಿ, ಚಾರ್ಟು ನೋಡಿ, "ಭಾಳ ಚಂದ ಐತ್ರಿ ಸರ, ಆದ್ರ ಇದು ಝೆರಾಕ್ಸ. ಅಸಲ ಎಲ್ಲೈತ್ರಿ?" ಎಂದ. ಹುಡುಕಿ ಕೊಡುತ್ತೇನೆ ಎಂದೆ. ಅಸಲು ಆಗ ನನ್ನ ಚೀಲದಲ್ಲೇ ಇತ್ತು. ಅವನು ಬರುವ ಮುಂಚೆಯೇ ಫೈಲಿನಿಂದ ತೆಗೆದು ಇಟ್ಟುಕೊಂಡಿದ್ದೆ. ನಾಳೆ ಬೆಳಿಗ್ಗೆ ಮತ್ತೆ ಬರುತ್ತಾನೆ. ತಿಮ್ಮಣ್ಣನಿಗೆ ಮಾತ್ರ ಗೊತ್ತು. ಮೂವತ್ತು ವರ್ಷ ನನ್ನ ಜೊತೆ ಕುಲುಮೆ ಕಾದವನು. "ಲೇ ಕಾಳ್ಯಾ, ಇಲಿ ಕಡದ್ವು ಅಂತ ಹೇಳಿ ಬಿಡಲೇ. ನಮ್ಮ ಕಾರ್ಖಾನ್ಯಾಗ ಇಲಿಗೇನ ಬರ ಐತೇನು?" ಅನ್ನುತ್ತಾನೆ. ಹಾಗೆ ಹೇಳಿದರೆ ಫೈಜಾನ ನಂಬಲೂಬಹುದು. ಅಸಲು ಈಗ ಈ ಮೇಜಿನ ಮೇಲೆ, ಈ ಕಾಗದದ ಪಕ್ಕದಲ್ಲೇ ಇದೆ.

ಆ ದಿನ ಅಮಾವಾಸ್ಯೆ. ನೀನು ಬೆಳಗಾವಿಯಲ್ಲಿ ಓದುತ್ತಿದ್ದೆ. ಅಮಾವಾಸ್ಯೆಗೊಮ್ಮೆ ಅವ್ವ ಬುತ್ತಿಯ ಜೊತೆ ಆರತಿ ತಟ್ಟೆ ತಂದು ಕುಲುಮೆಗೆ ಬೆಳಗಿ ಹೋಗುತ್ತಿದ್ದಳಲ್ಲ, ಮಾಲಕರೂ ಬೇಡ ಅಂದವರಲ್ಲ. ನಾನು ಬೆಸೆದ ಕಬ್ಬಿಣವನ್ನು ಯಾಕೆ ಕಾಯಿಸಿ ಆರಿಸುತ್ತೇನೆ ಎಂದು ಲಗ್ನವಾದ ಹೊಸತರಲ್ಲಿ ಅವಳಿಗೆ ಇಂಗ್ಲಿಷ್ ಸೇರಿಸಿ ಹೇಳಲು ಹೋಗಿದ್ದೆ, ರೆಸಿಡ್ಯುವಲ್ ಸ್ಟ್ರೆಸ್, ಬೆಸೆದಾಗ ಒಳಗೆ ಉಳಿಯುವ ಬಿಗಿತ, ಅಂತೆಲ್ಲ. ಪೂರ್ತಿ ಕೇಳಿ, "ಬಾಣಂತಿ ಇದ್ದ್ಹಂಗ ಅನ್ರಿ. ಬೆಚ್ಚಗ ಇರಬೇಕು, ಗಾಳಿಗೆ ಬರಬಾರ್ದು" ಎಂದಳು. ನೀನು ಹುಟ್ಟಿದ ಮೇಲೆ ಅದಕ್ಕೆ ಇನ್ನೊಂದು ಸೇರಿಸಿದಳು: "ನಿಮ್ಮ ಕಬ್ಬಿಣಕ್ಕ ಮಾಡಿದ ಬಾಣಂತನದಾಗ ಅರ್ಧ ನನಗ ಮಾಡಿದ್ರ ಸಾಕಾಗಿತ್ತು." ಖರೆ ಮಾತು. ನೀನು ಹುಟ್ಟಿದ ವಾರ ನಾನು ಕುಲುಮೆಯ ಹತ್ತಿರವೇ ಇದ್ದೆ.

ಆ ಅಮಾವಾಸ್ಯೆಯ ದಿನ ಪರೀಕ್ಷೆಯ ಪ್ಲೇಟು ಕುಲುಮೆಯೊಳಗಿತ್ತು. ಹನ್ನೊಂದಕ್ಕೆ ಆರುನೂರ ಇಪ್ಪತ್ತು ಡಿಗ್ರಿ ಮುಟ್ಟಿತು, ಎರಡು ಗಂಟೆ ಅಲ್ಲೇ ನಿಲ್ಲಬೇಕು. ಹನ್ನೊಂದು ನಲವತ್ತಕ್ಕೆ ನಿನ್ನ ಅವ್ವ ರಂಗವ್ವ ಬಂದಳು. ನಡೆಯುವ ಯಂತ್ರಕ್ಕೆ ಆರತಿ ಬೆಳಗಬಾರದು, ಇದು ನಮ್ಮ ಪದ್ಧತಿ. ಲೇಥಾದರೂ ಅಷ್ಟೇ, ಲಾರಿಯಾದರೂ ಅಷ್ಟೇ, ಬಂದ್ ಮಾಡಿ ಕೈಮುಗಿಯಬೇಕು. ಕುಲುಮೆ ಲಾರಿಯಲ್ಲ ಎಂದು ನನಗೆ ಗೊತ್ತಿಲ್ಲವೇ? ಎರಡೇ ನಿಮಿಷ ಎಂದುಕೊಂಡೆ. ಸ್ವಿಚ್ಚು ಆರಿಸಿದವನು ನಾನು, ಅವಳಲ್ಲ. ಆರತಿ ಎತ್ತಿದವಳು ಅರ್ಧಕ್ಕೇ ನಿಲ್ಲಿಸಿದಳು. ತಟ್ಟೆ ಕೆಳಗಿಟ್ಟು, ಕಣ್ಣು ಕತ್ತಲಾತ್ರಿ ಎಂದು ಕುಲುಮೆಯ ಗೋಡೆಗೆ ಒರಗಿಕೊಂಡಳು. ಸ್ವಿಚ್ಚು ಮರೆತು, ಆಟೋ ತರಿಸಿ ದವಾಖಾನೆಗೆ ಕರೆದುಕೊಂಡು ಹೋದೆ. ಅವಳ ಬೇನೆ ಮೊದಲ ಸಲ ಗೊತ್ತಾದದ್ದು ಆ ದಿನವೇ. ಅದು ನಿನಗೆ ಗೊತ್ತು, ಸ್ವಿಚ್ಚಿನ ಮಾತು ಗೊತ್ತಿಲ್ಲ. ಊಟ ಮುಗಿಸಿ ಬಂದ ತಿಮ್ಮಣ್ಣ ಹನ್ನೆರಡೂ ಇಪ್ಪತ್ತಕ್ಕೆ ಕುಲುಮೆ ತಣ್ಣಗಾಗುತ್ತಿರುವುದನ್ನು ನೋಡಿ ಮತ್ತೆ ಹಾಕಿದ. ನಾನು ಬರೆದಿಟ್ಟ ವೇಳೆಯಂತೆ ಒಂದಕ್ಕೆ ಸರಿಯಾಗಿ ಇಳಿಸಲು ಶುರುಮಾಡಿದ. ಅವನದೇನೂ ತಪ್ಪಿಲ್ಲ. ಚಾರ್ಟು ಬರೆಯುವ ಯಂತ್ರ ಆಫೀಸಿನ ಕರೆಂಟಿನ ಲೈನಿನ ಮೇಲಿತ್ತು, ಅದು ನಿಲ್ಲದೆ ಬರೆಯುತ್ತಲೇ ಇತ್ತು. ಸಂಜೆ ಬಂದು ನೋಡಿದರೆ ಗೆರೆ ಐನೂರ ನಲವತ್ತರ ತನಕ ಇಳಿದು ಮತ್ತೆ ಏರಿತ್ತು, ನಡುವೆ ಬಾವಿ ತೋಡಿದ ಹಾಗೆ. ನಿನ್ನ ಗೋಡೆಯ ಮೇಲಿನ ಪ್ರತಿಯಲ್ಲಿ ಬಾವಿ ಇಲ್ಲ. ಆ ಮಾತು ಆಮೇಲೆ ಬರೆಯುತ್ತೇನೆ.

ಪ್ಲೇಟು ಬಗ್ಗಿಸಿದಾಗ ಒಂದು ಬಿರುಕೂ ಬೀಳಲಿಲ್ಲ. ಎಂಡ್ ಜಸ್ಟಿಫೈಸ್ ದಿ ಮೀನ್ಸ್, ಅಥವಾ ಜಸ್ಟಿಫೈ ಮಾಡುವುದಿಲ್ಲ, ಕಾಲೇಜಿನ ಇಂಗ್ಲಿಷ್ ಪರೀಕ್ಷೆಯಲ್ಲಿ ಯಾವುದು ಬರೆದಿದ್ದೆನೋ. ಆಗ ಇನ್ನೊಂದು ಪ್ಲೇಟು ಬೆಸೆಯಲು ಎರಡು ದಿನ ಬೇಕಿತ್ತು, ಆ ಎರಡು ದಿನ ನಾನು ದವಾಖಾನೆಯಲ್ಲಿದ್ದೆ. ಮುಂದಿನ ಆಷಾಢದಲ್ಲಿ ಅವಳು ಹೋದಳು. ಆಮೇಲೆ ಆ ಚಾರ್ಟು ನೋಡಿದರೆ ನನಗೆ ಕಬ್ಬಿಣ ಕಾಣುತ್ತಿರಲಿಲ್ಲ, ತಟ್ಟೆ ಹಿಡಿದ ಅವಳ ಕೈ ಕಾಣುತ್ತಿತ್ತು. ಅಷ್ಟರಲ್ಲಿ ನೀನು ಕೆಲಸಕ್ಕೆ ಸೇರಿದೆ, ಝೆರಾಕ್ಸ್ ತೆಗೆದುಕೊಂಡು ಹೋದೆ, ಹೊಸ ಹುಡುಗರಿಗೆ "ಗೆರಿ ಅಂದ್ರ ಹಿಂಗಿರಬೇಕು, ನಮ್ಮಪ್ಪನ ಕೈದು" ಎಂದು ತೋರಿಸುತ್ತೇನೆ ಅಂದೆ. ಅದನ್ನು ಫೋನಿನಲ್ಲಿ ಕೇಳಿದ ದಿನ ಎರಡೂ ರೊಟ್ಟಿ ಹಾಗೇ ಉಳಿದವು.

ಅವ್ವ ಇಳಕಲ್ಲಿನ ಮಗ್ಗದ ಮನೆಯಲ್ಲಿ ದುಡಿಯುತ್ತಿದ್ದಾಗಿನ ಮಾತೊಂದು ಹೇಳುತ್ತಿದ್ದಳು. ಸೀರೆಯ ಒಡಲಿಗೆ ಸೆರಗನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಆ ಕೂಡಿಕೆಯನ್ನು ಹಿರೇ ಹೆಣ್ಣುಮಗಳು ಸುಂದರವ್ವ ಬಾಗಿಲಿಗೆ ಒಯ್ದು ಬಿಸಿಲಿಗೆ ಎತ್ತಿ ಹಿಡಿಯುತ್ತಿದ್ದಳಂತೆ. "ನೀ ಸುಳ್ಳ ಹೇಳಬಹುದವ್ವಾ, ಬಿಸಲಿಗೆ ಹಿಡದ್ರ ಸೀರಿ ಹೇಳಂಗಿಲ್ಲ" ಅನ್ನುತ್ತಿದ್ದಳಂತೆ. ಇದನ್ನು ಯಾಕೆ ಬರೆದೆನೋ. ಅವಳ ಮಾತು ಬಂದರೆ ನನ್ನ ಕೈ ನಿಲ್ಲುವುದಿಲ್ಲ. ಹಾಳೆ ಮುಗಿಯುತ್ತಾ ಬಂತು.

ಬೀರಪ್ಪ ನಿನ್ನನ್ನು ತಣ್ಣಗಿಟ್ಟಿರಲಿ, ಕೆಮ್ಮು ಕಡಿಮೆಯಾಗಲಿ. ನಿನ್ನ ಕೋಣೆಯ ಗೆಳತಿಗೆ ನನ್ನ ನಮಸ್ಕಾರ ಹೇಳು, ಎಳ್ಳು ಬೆಲ್ಲ ಪಾರ್ಸಲ್ ಮಾಡಿದ್ದೇನೆ, ಇಬ್ಬರೂ ತಿನ್ನಿರಿ.

ನಿನ್ನ ಅಪ್ಪ,
ಕಾಳಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಬಾವಿಯನ್ನು ಕೆರೆದು ತೆಗೆದವನು ನಾನು. ಅವ್ವನ ಹೊಲಿಗೆ ಡಬ್ಬಿಯ ಬ್ಲೇಡು, ಕೆಂಪು ಪೆನ್ನು, ನಿನ್ನ ಶಾಲೆಯ ಸ್ಕೇಲು. ಝೆರಾಕ್ಸಿನಲ್ಲಿ ತಿಳಿಯುವುದಿಲ್ಲ. ಈಗ ಅಸಲನ್ನು ಕಿಟಕಿಗೆ ಹಿಡಿದು ನೋಡಿದೆ, ಕೆರೆದ ಜಾಗದಲ್ಲಿ ಕಾಗದ ತೆಳುವಾಗಿ ಬಿಸಿಲು ಈಚೆಗೆ ಬರುತ್ತದೆ. ಫೈಜಾನನಿಗೆ ನಾಳೆ ಅದನ್ನೇ ಕೊಡುತ್ತೇನೆ, ಮಾಲಕರಿಗೂ ಹೇಳುತ್ತೇನೆ, ಹನ್ನೊಂದು ಪಾತ್ರೆಯವರಿಗೂ ತಿಳಿಸಬೇಕಾಗುತ್ತದೆ. ಇನ್ನು ಕೆಲಸಕ್ಕೆ ಕರೆಯುವುದಿಲ್ಲವೇನೋ. ಕರೆದರೆ, ಹೊಸ ಪ್ಲೇಟು ಬೆಸೆದು ಇಪ್ಪತ್ತೊಂಬತ್ತಕ್ಕೆ ಕುಲುಮೆಗೆ ಇಡಬೇಕೆಂದಿದ್ದೇನೆ. ನೀನು ಗೋಡೆಯ ಮೇಲಿನದನ್ನು ತೆಗೆ. ಆದರೆ ಯಾರೂ ಇಲ್ಲದಾಗ ತೆಗೆಯಬೇಡ, ಆ ಹುಡುಗರನ್ನು ಕರೆದು, ಯಾಕೆ ಅಂತ ಹೇಳಿ ತೆಗೆ. ಇಪ್ಪತ್ತೊಂಬತ್ತೂ ಅಮಾವಾಸ್ಯೆಯೇ. ಸ್ವಿಚ್ಚು ಹಾಕುವ ಮೊದಲೇ ಆರತಿ ಮುಗಿಸುತ್ತೇನೆ, ತಟ್ಟೆ ನಾನೇ ಹಿಡಿಯುತ್ತೇನೆ. ಅವತ್ತು ಹನ್ನೊಂದರಿಂದ ಒಂದರವರೆಗೆ ಫೋನು ಮಾಡಬೇಡ, ನಾನು ಎದ್ದು ಬರುವುದಿಲ್ಲ. ಒಂದಾದ ಮೇಲೆ ಮಾಡು.