ಮೊದಲು ನನಗೆ ಫೋನ್ ಮಾಡಿ

ಆಕ್ರಾನ್, ಒಹಾಯೊ
ಮಾರ್ಚ್ ೯, ಸೋಮವಾರ

ಡಾಕ್ಟರ್ ಸಾಹೇಬರಿಗೆ ತುಳಸಾಳ ನಮಸ್ಕಾರಗಳು.

ಒಂದೇ ಮನೆಯಲ್ಲಿದ್ದುಕೊಂಡು ಗಂಡನಿಗೆ ಕಾಗದ ಬರೆಯುವ ಹೆಂಡತಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ಎದುರು ಕೂತು ಮಾತು ಶುರು ಮಾಡಿದರೆ ಎರಡನೆಯ ಮಾತಿಗೆ ನಿಮ್ಮ ಫೋನ್ ಬಡಿದುಕೊಳ್ಳುತ್ತದೆ. ಯಾರದೋ ಎದೆನೋವು, ಯಾರದೋ ಅತ್ತೆ-ಸೊಸೆ ಜಗಳ, ಯಾರದೋ ಮನೆಯಲ್ಲಿ ಹೋಮದ ಹೊಗೆಗೆ ಕಿರುಚಿಕೊಂಡ ಅಲಾರಾಂ. ಕಾಗದವನ್ನಾದರೆ ಯಾರೂ ನಡುವೆ ಬಾಯಿ ಹಾಕದೆ ಓದುತ್ತೀರಿ.

ನಾನು ಪಿಟ್ಸ್‌ಬರ್ಗಿಗೆ, ಮಗಳ ಮನೆಗೆ ಹೋಗುತ್ತಿದ್ದೇನೆ. ಎಷ್ಟು ದಿನಕ್ಕೆ ಎಂದು ಕೇಳಬೇಡಿ. ಫ್ರಿಜ್ಜಿನಲ್ಲಿ ದಾಲ್ ಇದೆ, ಒಣಸೊಪ್ಪಿನ ಗುಂಡ್ರುಕ್ ಸಾರು ಇದೆ. ಬಿಸಿ ಮಾಡಿಕೊಂಡು ತಿನ್ನಿ, ನಿಂತುಕೊಂಡು ತಿನ್ನಬೇಡಿ.

ನಿನ್ನೆಯ ಸಭೆ ನನ್ನ ತಮ್ಮ ನಾರದನ ಶೋಕಸಭೆ ಎಂದುಕೊಂಡು ಬಂದಿದ್ದೆ. ಅವನು ಹೋಗಿ ತಿಂಗಳೂ ಆಗಿಲ್ಲ. ಅವನ ಫೋಟೊಗೆ ಹಾಕಿದ ಹೂವು ಬಾಡುವ ಮೊದಲೇ ಹೋಮನಾಥಜ್ಜ ಎದ್ದು ನಿಂತು, "ಇಷ್ಟು ದುಃಖದಲ್ಲೂ ನಮ್ಮ ಡಾಕ್ಟ್ರು ಒಂದಿನ ನಮಗೆ ಬಾಗಿಲು ಹಾಕ್ಲಿಲ್ಲ ಕಣ್ರಪ್ಪಾ. ಇನ್ನು ಮುಂದಕ್ಕೂ ಅವರೇ ಮಂದಿರದ ಅಧ್ಯಕ್ಷರಾಗಿರ್ಲಿ" ಎಂದರು. ಜನ ಚಪ್ಪಾಳೆ ತಟ್ಟಿದರು, ಆಮೇಲೆ ಇದು ಸಾವಿನ ಸಭೆ ಎಂದು ನೆನಪಾಗಿ ಅರ್ಧಕ್ಕೆ ನಿಲ್ಲಿಸಿದರು. ನೀವು ಕೈಮುಗಿದು ತಲೆ ಬಗ್ಗಿಸಿದಿರಿ. ಬೇಡ ಎನ್ನಲಿಲ್ಲ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಬೈದು ಬಿಡಬಹುದಿತ್ತು. ಆದರೆ ನೀವು ಮಾರಿಯಲ್ಲ. ಅದೇ ನನ್ನ ಕಷ್ಟ. ಭೂತಾನದಿಂದ ನಮ್ಮನ್ನು ಹೊರಹಾಕಿದ ಮೇಲೆ, ಬೆಲ್ಡಾಂಗಿಯ ನಿರಾಶ್ರಿತರ ಶಿಬಿರದ ಬಿದಿರು ಗುಡಿಸಲುಗಳಲ್ಲಿ ಕಾಲರಾ ಬಂದಾಗ ಮುದುಕರನ್ನು ಬೆನ್ನ ಮೇಲೆ ಹೊತ್ತುಕೊಂಡು ಓಡಿದ ಹುಡುಗ ನೀವು. ಇನ್ನೂ ಓದು ಮುಗಿಯದಿದ್ದಾಗಲೇ ನಾನು ಡಾಕ್ಟರ್ ಸಾಹೇಬ್ ಎಂದು ಕರೆದವಳು. ಇಲ್ಲಿಗೆ ಬಂದ ಹೊಸದರಲ್ಲಿ ಯಾರೋ ಅಜ್ಜಿಗೆ ಜ್ವರವೆಂದು ಆಂಬುಲೆನ್ಸ್ ಕರೆಸಿದರೆ, ಬೂಟುಗಾಲಿನವರು ಪೂಜೆಯ ಕೋಣೆಗೇ ನುಗ್ಗಿದರು. ಅಜ್ಜಿ ಮತ್ತೆ ಭೂತಾನದ ಪೊಲೀಸರು ಬಂದರೆಂದು ಮಂಚದ ಕೆಳಗೆ ಅಡಗಿದಳು. ಅವತ್ತು ನೀವು ಹೇಳಿದ್ದು, "ಏನೇ ಆಗ್ಲಿ, ಮೊದಲು ನನಗೆ ಫೋನ್ ಮಾಡಿ."

ಆ ಮಾತನ್ನೂ ನಿಮ್ಮ ನಂಬರನ್ನೂ ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿಸಿ ಮನೆಮನೆಯ ಫ್ರಿಜ್ಜಿಗೆ ಅಂಟಿಸಿ ಬಂದವನು ನಾರದ. ಬಂದು ಸೋಫಾದ ಮೇಲೆ ಬಿದ್ದುಕೊಂಡು, "ಅಕ್ಕಾ, ಇನ್ನು ಭಾವನ್ನ ಮರ್ತುಬಿಡು. ನಮ್ಮ ಜನ ಪಶುಪತಿನಾಥನ್ನ ಕರೆಯೋ ಮೊದಲು ಇವರನ್ನೇ ಕರೀತಾರೆ" ಎಂದು ನಗಾಡಿದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಜನಕ್ಕೆ ಹಿತ್ತಲ ಗಿಡ ಬಿಟ್ಟು ಬೇರೆ ಮದ್ದೇ ಇಲ್ಲದಂತಾಯಿತು.

ಕ್ರಿಯಾಮನೆಯನ್ನು ಕಟ್ಟಿಸಿದವರೂ ನೀವೇ. ಬಾಡಿಗೆ ಮನೆಗಳಲ್ಲಿ ಹದಿಮೂರು ದಿನ ಹುಲ್ಲಿನ ಮೇಲೆ ಮಲಗಿ ತಂದೆತಾಯಿಯ ಕ್ರಿಯೆ ಕೂರಲು ಬಿಡುವುದಿಲ್ಲವೆಂದು, ಮುಚ್ಚಿಹೋಗಿದ್ದ ಲಾಂಡ್ರಿ ಅಂಗಡಿಯನ್ನು ಹಿಡಿದು ಗೋಡೆ ಸುಣ್ಣದವರೆಗೂ ಕೈಯಾರೆ ಮಾಡಿದಿರಿ. ಕ್ರಿಯೆ ಕೂತವನು ಒಪ್ಪೊತ್ತು ಉಪ್ಪಿಲ್ಲದ ಅನ್ನ ಉಣ್ಣಬೇಕು, ಹಿಟ್ಟಿನ ಗೆರೆಯೊಳಗೆ ಇರಬೇಕು, ಅವನನ್ನು ಯಾರೂ ಮುಟ್ಟಬಾರದು. ಇದೆಲ್ಲ ಸಕ್ಕರೆ ಕಾಯಿಲೆಯವರಿಗೆ ಅಪಾಯವೆಂದು ಹೋದ ವರ್ಷ ಸಭೆಯಲ್ಲಿ ಹೇಳಿದವರೂ ನೀವೇ ಅಲ್ಲವೇ? ಔಷಧಿ ತೆಗೆದುಕೊಳ್ಳುವವರು ಎರಡು ಹೊತ್ತು ಉಣ್ಣಲಿ, ಉಪ್ಪು ತಿನ್ನಲಿ ಎಂದಿರಿ. ಅರ್ಧ ಜನ ಎದ್ದು ನಿಂತು, ಹಾಗಾದರೆ ನಾವು ಬೇರೆ ಮಂದಿರ ಮಾಡಿಕೊಳ್ಳುತ್ತೇವೆ ಎಂದರು. ಮನೆಗೆ ಬಂದು ನನ್ನೆದುರು ಹೇಳಿದಿರಿ: "ಒಂದು ದೇಶ ನಮ್ಮನ್ನ ಒಡೆದು ಹೊರಗೆ ಹಾಕ್ತು. ಇಲ್ಲಿ ನಾವೇ ಒಡ್ಕೊಂಡ್ರೆ ಹೇಗೆ ತುಳಸಾ?" ಮಾತನ್ನು ವಾಪಸು ತೆಗೆದುಕೊಂಡಿರಿ. ನಿಮಗೆ ಶಾಲು ಹೊದಿಸಿದರು.

ಫೆಬ್ರವರಿಯಲ್ಲಿ ನಮ್ಮಮ್ಮ ಹೋದಳು. ಸಕ್ಕರೆ ಕಾಯಿಲೆಯನ್ನು ನನಗೂ ನಾರದನಿಗೂ ಸಮನಾಗಿ ಹಂಚಿಕೊಟ್ಟು ಹೋದ ತಾಯಿ. ಒಬ್ಬನೇ ಮಗ, ಅವನೇ ಕೂರಬೇಕು. ನಾನು ಅಡುಗೆಮನೆಯಲ್ಲಿದ್ದೆ, ನೀವು ಅವನಿಗೆ ಹೇಳಿದ್ದು ಕೇಳಿಸಿತು. "ನೋಡಪ್ಪಾ, ಎಲ್ಲರ ಕಣ್ಣೂ ನಿನ್ನ ಮೇಲೇ ಇರುತ್ತೆ. ಡಾಕ್ಟ್ರ ಭಾವಮೈದುನನೇ ನಿಯಮ ಮುರಿದ ಅನ್ನಿಸ್ಕೋಬೇಡ. ಇನ್ಸುಲಿನ್ ಅರ್ಧ ಮಾಡ್ಕೋ, ದಿನಾ ಸಂಜೆ ನಾನು ಬಂದು ನೋಡ್ತೀನಿ." ಅವನು, "ನೀವಿರೋವಾಗ ನನಗೇನು ಭಾವ" ಎಂದ. ಅವನು ಎಂದಾದರೂ ನಿಮಗೆ ಬೇರೆ ಉತ್ತರ ಕೊಟ್ಟಿದ್ದನೇ?

ಆರನೆಯ ಸಂಜೆ ನೀವು ಹೋಗಲಿಲ್ಲ. ಯಾರೋ ಬಾಣಂತಿಗೆ ಇಂಗ್ಲಿಷ್ ಬಾರದೆಂದು ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಿದ್ದಿರಿ. ಅದು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಮರುದಿನ ಶನಿವಾರ ಬೆಳಿಗ್ಗೆ ಶಿವರಾತ್ರಿಯ ಸಭೆ. ಸಭೆಯಲ್ಲಿ ಫೋನ್ ಕೂಗಬಾರದೆಂದು ಎಲ್ಲರೂ ಸದ್ದಡಗಿಸಿ ಬಾಗಿಲಲ್ಲಿ ಹಿತ್ತಾಳೆಯ ಪರಾತದಲ್ಲಿ ಇಡಬೇಕು. ಆ ನಿಯಮವೂ ನಿಮ್ಮದೇ.

ಅಷ್ಟು ಹೊತ್ತಿಗೆ ನಾರದ ಹುಲ್ಲಿನ ಮೇಲೆ ಬೆವರಿ ಬಿದ್ದಿದ್ದ. ಅವನನ್ನು ನೋಡಿಕೊಳ್ಳಲು ಕೂತಿದ್ದ ಹೋಮನಾಥಜ್ಜ ಗೆರೆಯ ಈಚೆ ನಿಂತು ಕೂಗಿದರು. ಗೆರೆ ದಾಟಲಿಲ್ಲ. ಆಂಬುಲೆನ್ಸಿಗೂ ಫೋನ್ ಮಾಡಲಿಲ್ಲ. ನಿಮಗೆ ಮಾಡಿದರು, ಮತ್ತೆ ನಿಮಗೇ ಮಾಡಿದರು. ಸಭೆ ಮುಗಿಯುವವರೆಗೂ ಮಾಡುತ್ತಲೇ ಇದ್ದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಅತ್ತರು. "ಮುಟ್ಟಿದ್ರೆ ನಿಮ್ಮಮ್ಮನಿಗೆ ಮಾಡಿದ್ದೆಲ್ಲ ನೀರುಪಾಲಾಗುತ್ತಲ್ಲ ಮಗಳೇ. ಡಾಕ್ಟ್ರು ಇನ್ನೇನು ಬಂದ್ಬಿಡ್ತಾರೆ ಅಂತ ಕಾದೆ. ಅವರೇ ಹೇಳಿದ್ರಲ್ಲ, ಮೊದಲು ನನಗೇ ಮಾಡಿ ಅಂತ." ಒಂದು ಚಮಚ ಸಕ್ಕರೆ ಅವನ ತುಟಿಗೆ ಸವರಿದ್ದರೂ ಸಾಕಿತ್ತೇನೋ. ಆಸ್ಪತ್ರೆಯಲ್ಲಿ ಎರಡು ದಿನ ಯಂತ್ರ ಅವನ ಪರವಾಗಿ ಉಸಿರಾಡಿತು.

ಅವನಿಗೆ ಟೆಕ್ಸಾಸಿನ ದೊಡ್ಡಪ್ಪನ ಮಗ ಬಂದು ಕ್ರಿಯೆ ಮುಗಿಸಿಕೊಟ್ಟ. ಅಮ್ಮನದು ಅರ್ಧಕ್ಕೇ ನಿಂತಿದೆ. ನಾನು ಕೂರುತ್ತೇನೆ ಎಂದರೆ ನೀವು, "ಹೆಣ್ಣುಮಕ್ಕಳು ಕೂರೋದು ಇಲ್ಲಿ ನಡೆದಿಲ್ಲ, ಕಮಿಟಿ ಮುಂದೆ ಇಡೋಣ" ಎಂದಿರಿ. ಕಮಿಟಿ! ನನ್ನ ಅಮ್ಮ ಎಲ್ಲೋ ನಡುದಾರಿಯಲ್ಲಿ ಹಸಿದು ನಿಂತಿದ್ದಾಳೆ, ನೀವು ಕಮಿಟಿ ಎನ್ನುತ್ತೀರಿ.

ನಾನು ಕೇಳಿದ್ದು ಒಂದೇ. ನಿನ್ನೆ ಮೈಕ್ ಹಿಡಿದಾಗ ಒಂದು ಮಾತು ಹೇಳಿ ಎಂದು ಬೆಳಿಗ್ಗೆ ಕಾಲು ಹಿಡಿದಿದ್ದೆ. "ಇನ್ನು ಮೊದಲು ನನಗೆ ಫೋನ್ ಮಾಡಬೇಡಿ, ಆಂಬುಲೆನ್ಸಿಗೆ ಮಾಡಿ. ಬಿದ್ದವನನ್ನು ಮುಟ್ಟಿ." ಇಷ್ಟು ಹೇಳಿದ್ದರೆ ನಾರದ ಸುಮ್ಮನೆ ಸಾಯಲಿಲ್ಲ ಎಂದುಕೊಳ್ಳುತ್ತಿದ್ದೆ. ನೀವು ಮೈಕ್ ಹಿಡಿದು ಮಂದಿರದ ಹೊಸ ಛಾವಣಿಯ ಮಾತಾಡಿದಿರಿ. ಕಾರಿನಲ್ಲಿ ಕೇಳಿದರೆ, "ಅವರಿಗೆ ನನ್ನ ಮೇಲಿರೋ ನಂಬಿಕೆ ಹೋದ್ರೆ ಇನ್ಯಾರಿದ್ದಾರೆ ಅವರಿಗೆ?" ಎಂದಿರಿ.

ನಿಮ್ಮನ್ನು ಒಬ್ಬರಾದರೂ ಬೈದಿದ್ದರೆ ನಾನು ನಿಮ್ಮ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದೆ. ಯಾರೂ ಬೈಯಲಿಲ್ಲ. ನಾರದನ ಹೆಂಡತಿ ದಿಲ್ಮಾಯಾ ಕೂಡ "ಅವನ ಹಣೆಬರಹ ಅತ್ತಿಗೆ" ಎಂದಳು. ನಿನ್ನೆ ರಾತ್ರಿ ಅವಳಿಗೆ ತಲೆಸುತ್ತು ಬಂದಾಗ ಫೋನ್ ಮಾಡಿದ್ದು ನಿಮಗೇ. ನೀವು ಎತ್ತಿದಿರಿ. ನಿಮ್ಮ ಮುಖದಲ್ಲಿ ಸಮಾಧಾನ ಕಂಡಿತು, ಅದನ್ನು ಕಂಡು ನನಗೆ ಭಯವಾಯಿತು. ಇದು ಮುಗಿಯುವುದಿಲ್ಲ ಎಂದು ಆ ಕ್ಷಣಕ್ಕೆ ಗೊತ್ತಾಯಿತು. ಇನ್ನೊಬ್ಬ ಬೀಳುತ್ತಾನೆ, ಇನ್ನೊಬ್ಬರು ಗೆರೆಯ ಈಚೆ ನಿಂತು ನಿಮಗೆ ಫೋನ್ ಮಾಡುತ್ತಾರೆ. ನನಗೆ ಯಾವುದರ ಮೇಲೂ ಆಸೆ ಉಳಿದಿಲ್ಲ, ಡಾಕ್ಟರ್ ಸಾಹೇಬ್.

ಹೊತ್ತಿಗೆ ಸರಿಯಾಗಿ ಉಣ್ಣಿ.

ಏನೇ ಆದರೂ ಇನ್ನೂ ನಿಮ್ಮವಳೇ ಆದ
ತುಳಸಾ

ವಿ. ಸೂ. (ಗುರುವಾರ ಸೇರಿಸಿದ್ದು)

ಮೇಲೆ ಒಂದು ಸುಳ್ಳಿದೆ. ನಾನು ಪಿಟ್ಸ್‌ಬರ್ಗಿಗೆ ಹೋಗಲಿಲ್ಲ. ಸೋಮವಾರ ಈ ಕಾಗದವನ್ನು ನನ್ನಲ್ಲೇ ಇಟ್ಟುಕೊಂಡು, ಮಗಳ ಮನೆಗೆ ಹೊರಟೆ ಎಂದು ಬಾಯಲ್ಲಷ್ಟೇ ಹೇಳಿ ಬಂದೆ. ಅಪ್ಪ ಕೇಳಿದರೆ ಅಮ್ಮ ಮಲಗಿದ್ದಾಳೆ ಅನ್ನು ಎಂದು ಮಗಳಿಗೆ ಹೇಳಿಕೊಟ್ಟಿದ್ದೆ. ನೀವು ಒಂದೇ ಸಲ ಕೇಳಿದಿರಂತೆ. ಕ್ರಿಯಾಮನೆಯ ಕೀಲಿ ನಮ್ಮ ಮನೆಯ ಮೊಳೆಯಲ್ಲೇ ಇರುತ್ತದಲ್ಲ, ಅದು ಅಲ್ಲಿಲ್ಲವೆಂದೂ ನೀವು ಗಮನಿಸಲಿಲ್ಲ. ನಾರದ ಮಲಗಿದ್ದ ಹುಲ್ಲಿನ ಮೇಲೆ, ಅವನು ಅರ್ಧಕ್ಕೆ ಬಿಟ್ಟ ಏಳನೆಯ ದಿನದ ವಿಧಿಯಿಂದ ಹಿಡಿದು, ಅಮ್ಮನ ಕ್ರಿಯೆ ಕೂತಿದ್ದೇನೆ. ಹೆಂಗಸಿಗೆ ಮಂತ್ರ ಹೇಳುವುದಿಲ್ಲವೆಂದು ಪುರೋಹಿತರು ಫೋನ್ ಇಟ್ಟುಬಿಟ್ಟರು. ದಿಲ್ಮಾಯಾ ಪುಸ್ತಕ ನೋಡಿಕೊಂಡು ತಡವರಿಸಿ ಓದುತ್ತಾಳೆ. ಇನ್ಸುಲಿನ್ ಪೂರ್ತಿ ಚುಚ್ಚಿಕೊಳ್ಳುತ್ತೇನೆ, ಉಪ್ಪು ಹಾಕಿಕೊಂಡು ಎರಡು ಹೊತ್ತು ಉಣ್ಣುತ್ತೇನೆ. ಇಂಥ ಕ್ರಿಯೆ ಅಮ್ಮನಿಗೆ ತಲುಪುವುದಿಲ್ಲ ಎನ್ನುತ್ತಾರೆ. ಇರಬಹುದು. ನಿಯಮ ಪಾಲಿಸಿದವನದೂ ತಲುಪಲಿಲ್ಲ.

ಈ ಕಾಗದವನ್ನು ದಿಲ್ಮಾಯಾ ತಂದುಕೊಡುತ್ತಾಳೆ. ಅಧ್ಯಕ್ಷರಾಗಿ ಬರುವುದಾದರೆ ಬರಬೇಡಿ. ಗಂಡನಾಗಿ ಬಂದರೆ ಗೆರೆಯ ಹತ್ತಿರ ನಿಲ್ಲಬೇಡಿ. ದಾಟಿ ಬಂದು ನನ್ನನ್ನು ಮುಟ್ಟಿ, ಎಲ್ಲರೂ ನೋಡಲಿ.