ಹಸ್ತಪ್ರತಿಯಲ್ಲಿ ಇಲ್ಲದ ಸಾಲುಗಳು

ಅಚ್ಚುಕೂಟದ ಮಹಡಿಯ ಕೋಣೆ,
ಸೋಮವಾರ, ಮಾರ್ಚ್ ಹತ್ತು, ಬೆಳಗ್ಗೆ ಹತ್ತೂವರೆ

ಪ್ರೀತಿಯ ಗುಬ್ಬೀ,

ಇಪ್ಪತ್ತಾರು ವರ್ಷದ ಗಂಡಸನ್ನು ಹೀಗೆ ಕರೆಯಬಾರದು ಎಂದು ನೀನು ಮೂಗು ಮುರಿಯುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಮುರಿದುಕೋ. ಹೇಗಿದ್ದೀಯ? ನಿದ್ದೆ ಬರುತ್ತಿದೆಯಾ? ಊಟ ಸರಿಯಾಗಿ ಮಾಡುತ್ತಿದ್ದೀಯಾ, ಅಥವಾ ಬ್ರೆಡ್ಡು ಬಾಳೆಹಣ್ಣಿನಲ್ಲೇ ದಿನ ದೂಡುತ್ತಿದ್ದೀಯಾ? ಇವತ್ತು ಬೆಳಗ್ಗೆ ನಿನ್ನ ಕಚೇರಿಗೆ ಫೋನ್ ಮಾಡಿದಾಗ “ಚೆನ್ನಾಗಿದ್ದೀನಿ ಅಕ್ಕಾ, ಕೆಲಸ ಇದೆ” ಎಂದು ಇಟ್ಟುಬಿಟ್ಟೆ. ಆ ‘ಚೆನ್ನಾಗಿದ್ದೀನಿ’ ನನಗೆ ಒಂದು ಚೂರೂ ಚೆನ್ನಾಗಿ ಕೇಳಿಸಲಿಲ್ಲ. ಅಮ್ಮ ಆರೋಗ್ಯವಾಗಿದ್ದಾಳೆ. ಮೊಣಕಾಲು ನೋವು ಇದ್ದದ್ದೇ. ಆದರೂ ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿದು, ಐದನೆಯ ಸಲ ಮೆಟ್ಟಿಲು ಕಟ್ಟಿದವನಿಗೆ ಶಾಪ ಹಾಕುತ್ತಾಳೆ. ನನ್ನ ಗಂಟಲು ಎಂದಿನಂತೆ ಕಟ್ಟಿದೆ. ದಿನವಿಡೀ ಗಟ್ಟಿಯಾಗಿ ಓದುವ ಕೆಲಸ ಹಿಡಿದವಳಿಗೆ ಇನ್ನೇನಾಗುತ್ತದೆ!

ಶನಿವಾರ ನಾನು ಮನೆಗೆ ಹೊರಟ ಮೇಲೆ ಅಚ್ಚುಕೂಟಕ್ಕೆ ಬಂದಿದ್ದ ನಿನ್ನ ಪತ್ರವೂ ಪಾರ್ಸಲೂ ಇವತ್ತು ಬೆಳಗ್ಗೆ ಒಟ್ಟಿಗೆ ಕೈಗೆ ಸಿಕ್ಕವು. ಬಿಚ್ಚಿದರೆ ನಿನ್ನ ನಕ್ಷೆ ಬರೆಯುವ ಪೆಟ್ಟಿಗೆ. ಮೊದಲ ಸಂಬಳದಲ್ಲಿ ಕೊಂಡದ್ದು, ಯಾರಾದರೂ ಮುಟ್ಟಿದರೆ ಹುಲಿಯಂತೆ ಹಾರುತ್ತಿದ್ದೆಯಲ್ಲ, ಅದೇ. ಕೈವಾರ, ಪೆನ್ನುಗಳು, ಅಳತೆಪಟ್ಟಿ ಎಲ್ಲವನ್ನೂ ಒರೆಸಿ, ಹತ್ತಿಯಲ್ಲಿ ಸುತ್ತಿ ಕಳಿಸಿದ್ದೀಯ. “ನನಗಿನ್ನು ಬೇಕಾಗಲ್ಲ, ಅಲ್ಲೇ ಇರಲಿ” ಎಂದು ಬರೆದಿದ್ದೀಯ. ನಕ್ಷೆ ಬರೆಯುವವನಿಗೆ ಕೈವಾರ ಬೇಕಾಗದಿದ್ದರೆ ಇನ್ನು ಯಾರಿಗೆ ಬೇಕು? ಅದರ ಕೆಳಗೆ ಇನ್ನೊಂದು ಮಾತು: ಹೊರೆ ಇಳಿದರೆ ಉಳಿದವರು ಹಗುರಾಗುತ್ತಾರೆ, ಅಪ್ಪನ ಹಾಗೆ ಸದ್ದಿಲ್ಲದೆ ಹೋಗುವುದೂ ಒಂದು ಭಾಗ್ಯ. ಮೊದಲ ಅರ್ಧ ನಿನ್ನದಲ್ಲ, ನಿನಗೆ ಇಷ್ಟವಾದ ಕಾದಂಬರಿಕಾರರದು ಎಂದು ನನಗೆ ತಕ್ಷಣ ಗೊತ್ತಾಯಿತು. ಅವರ ಪುಸ್ತಕಗಳೆಲ್ಲ ನಮ್ಮ ಅಚ್ಚುಕೂಟದಿಂದಲೇ ಹೊರಬೀಳುವುದು. ನನ್ನ ಬಾಯಿಂದ ಹಾಯದೆ ಅವರ ಒಂದು ಸಾಲೂ ಅಚ್ಚಾಗಿಲ್ಲ. ಎರಡನೆಯ ಅರ್ಧ ಮಾತ್ರ ನಿನ್ನದೇ. ಅದನ್ನು ಮೂರು ಸಲ ಓದಿದೆ. ಪತ್ರವನ್ನು ಅಮ್ಮನಿಗೆ ತೋರಿಸಿಲ್ಲ.

ಆ ಕಾದಂಬರಿಕಾರರ ವಿಷಯದಲ್ಲಿ ಇಲ್ಲಿ ಒಂದು ಎಡವಟ್ಟಾಗಿದೆ. ಅದನ್ನು ನಿನಗೆ ಹೇಳಲೇಬೇಕು. ನಮ್ಮಲ್ಲಿ ಪ್ರೂಫ್ ನೋಡುವ ಕ್ರಮ ನಿನಗೆ ಗೊತ್ತಿದೆಯೋ ಇಲ್ಲವೋ. ಇಬ್ಬರು ಎದುರುಬದುರು ಕೂರುತ್ತೇವೆ. ನಾನು ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತೇನೆ. ಎದುರಿಗೆ ಕೂತ ಹಿರಿಯರು ಅಚ್ಚಾದ ಹಾಳೆಯ ಮೇಲೆ ಬೆರಳಿಟ್ಟು ತಾಳೆ ನೋಡುತ್ತಾರೆ. ನಾನು ಓದಿದ್ದು ಹಾಳೆಯಲ್ಲಿ ಇಲ್ಲದಿದ್ದರೆ, ಅಕ್ಷರದ ಮೊಳೆ ಜೋಡಿಸುವವನು ಬಿಟ್ಟಿದ್ದಾನೆ ಎಂದು ಅರ್ಥ. ಅವರು ಅದನ್ನು ಅಂಚಿನಲ್ಲಿ ಬರೆದು ಸೇರಿಸುತ್ತಾರೆ. ನಾವೆಲ್ಲ ಅವರನ್ನು ಕನ್ನಡಕದ ಮಾವ ಎನ್ನುತ್ತೇವೆ. ಮೂವತ್ತು ವರ್ಷದಿಂದ ಒಂದು ಕೊಂಬನ್ನೂ ಕೈಬಿಟ್ಟವರಲ್ಲ. ಆದರೆ ಅವರು ನೋಡುವುದು ಅಕ್ಷರವನ್ನು, ಅರ್ಥದ ಗೋಜಿಗೆ ಹೋಗುವವರಲ್ಲ. ಒಮ್ಮೆ ಒಂದು ಹಾಸ್ಯದ ಪುಸ್ತಕವನ್ನು ಮುಗಿಸಿ, ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, “ಯಾಕೆ, ಏನಾಯ್ತು?” ಎಂದು ಕೇಳಿದವರು.

ಈ ಸಲದ ಕಾದಂಬರಿಯ ನಾಯಕ ಪಿಟೀಲು ನುಡಿಸುವವನು. ಕೊನೆಯ ಅಧ್ಯಾಯದಲ್ಲಿ ತನ್ನ ಕೈಯಾರೆ ಪ್ರಾಣ ಬಿಡುತ್ತಾನೆ. ಈ ಕಾದಂಬರಿಕಾರರ ನಾಯಕರಲ್ಲಿ ಇದು ಮೂರನೆಯವನು. ಮೂವರೂ ಹೋಗುವುದು ಬೆಳದಿಂಗಳಲ್ಲಿ, ಮೂವರೂ ಸೊಗಸಾದ ಅಕ್ಷರದಲ್ಲಿ ಕಾರಣ ಬರೆದಿಟ್ಟು ಹೋಗುತ್ತಾರೆ. ಉಳಿದವರಿಗೆ ಕಿಟಕಿಯ ಬಳಿ ನಿಲ್ಲುವುದೊಂದೇ ಕೆಲಸ. ಹೆಂಡತಿಗೆ ಒಂದೇ ಒಂದು ಹನಿ ಕಣ್ಣೀರು. ಆಮೇಲೆ ‘ಮನೆ ಹಗುರಾಯಿತು’ ಎಂಬ ಸಾಲು, ಮುಗಿಯಿತು. ಮೊದಲಿನ ಎರಡು ಕಾದಂಬರಿಗಳಲ್ಲಿ ಆ ಸಾಲನ್ನು ನಾನು ಎಲ್ಲ ಸಾಲುಗಳಂತೆ ಓದಿ ಮುಂದೆ ಹೋಗಿದ್ದೆ, ಕೂಲಿ ಕೆಲಸ ನೋಡು. ಮೂರು ವಾರದ ಹಿಂದೆ ಮಾತ್ರ, ಅದೇ ಜಾಗಕ್ಕೆ ಬಂದಾಗ, ನನ್ನ ಕಣ್ಣು ಹಾಳೆಯ ಮೇಲಿತ್ತು, ಬಾಯಿ ಬೇರೇನೋ ಹೇಳಿತು. ನಾನು ನಿಲ್ಲಲಿಲ್ಲ, ದನಿಯೂ ನಡುಗಲಿಲ್ಲ; ಎಂದಿನ ಓದಿನ ರಾಗದಲ್ಲೇ ಹನ್ನೆರಡು ಸಾಲು ಹೇಳಿಬಿಟ್ಟೆ.

ಹೇಳಿದ್ದು ಹೀಗಿತ್ತು. ಅವನು ಹೋದ ಮೂರನೆಯ ದಿನ ಒಬ್ಬರು ಬಂದು ತಮ್ಮ ಅಂಗಿ ಕೇಳಿದರು. ಹನ್ನೊಂದು ಜನರ ಬಟ್ಟೆ ಕತ್ತರಿಸಿಟ್ಟದ್ದು ಹಾಗೇ ಬಿದ್ದಿತ್ತು. ಹೆಂಡತಿಗೆ ಗುಂಡಿ ಹಾಕುವುದು ಬಿಟ್ಟರೆ ಬೇರೆ ಹೊಲಿಗೆ ಬರುತ್ತಿರಲಿಲ್ಲ, ಆದರೂ “ನಾಳೆ ಬನ್ನಿ, ಕೊಡ್ತೀನಿ” ಎಂದಳು. ಆ ಬೆಳಗ್ಗೆ ಅವನು ಚಹಾ ಕೇಳಿದ್ದ, ಇವಳು “ಸ್ವಲ್ಪ ತಡೀರಿ” ಎಂದಿದ್ದಳು. ಆ ಒಂದು ಮಾತನ್ನು ಅವಳು ಎಷ್ಟೋ ವರ್ಷ ದಿನವೂ ತಿರುತಿರುಗಿ ತೂಗಿದಳು. ಹಿರಿಯ ಮಗಳು ಅವನ ಎಲ್ಲ ಜೇಬುಗಳನ್ನೂ ತಡಕಿದಳು, ಒಂದು ಚೀಟಿ ಸಿಕ್ಕಿತು, ಅದರಲ್ಲಿ ಯಾರದೋ ಕುತ್ತಿಗೆಯ ಅಳತೆ ಇತ್ತು. ಚಿಕ್ಕವನು ದಿನಾ ಸಂಜೆ ಬಾಗಿಲ ಬಳಿ ಕೂತು “ಅಪ್ಪ ಯಾಕೆ ನನಗೆ ಹೇಳದೆ ಹೋದ್ರು?” ಎಂದು ಕೇಳುತ್ತಿದ್ದ.

ಕನ್ನಡಕದ ಮಾವ ಹಾಳೆಯಲ್ಲಿ ಹುಡುಕಿದರು. ಸಿಗಲಿಲ್ಲ. “ಅಯ್ಯಯ್ಯೋ, ಇಡೀ ಪ್ಯಾರಾನೇ ನುಂಗಿದಾನಲ್ಲ!” ಎಂದು ಮೊಳೆ ಜೋಡಿಸುವವನನ್ನು ಬೈದು, ನಿಧಾನವಾಗಿ ಇನ್ನೊಮ್ಮೆ ಹೇಳು ಎಂದರು. ಆಗಲಾದರೂ ನಾನು ಬಾಯಿ ಮುಚ್ಚಬೇಕಿತ್ತು. ಹೇಳಿದೆ ಗುಬ್ಬೀ, ನಿಧಾನವಾಗಿ, ಒಂದಕ್ಷರ ಬಿಡದೆ. ಅವರು ಅಂಚಿನಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡರು.

ಅಪ್ಪ ಎದೆನೋವಿನಿಂದ ಹೋಗಲಿಲ್ಲ. ನಿನಗೆ ಆರು ವರ್ಷ, ನನಗೆ ಹದಿನಾಲ್ಕು. ನಿನಗೆ ಏನು ಹೇಳಬೇಕೆಂದು ತಿಳಿಯದೆ ಅಮ್ಮ ಎದೆನೋವು ಎಂದಳು, ನಾನು ತಲೆಯಾಡಿಸಿದೆ. ನೀನು ದೊಡ್ಡವನಾದ ಮೇಲೆ ಹೇಳೋಣ ಎಂದುಕೊಂಡೆವು. ನೀನು ದೊಡ್ಡವನಾದೆ, ನಾವು ಆಗಲಿಲ್ಲ. ಅಪ್ಪ ತಾವಾಗಿಯೇ ಪ್ರಾಣ ಬಿಟ್ಟರು. ಅದಕ್ಕೂ ಮೊದಲು ಐದಾರು ತಿಂಗಳು ಮಾತು ಕಡಿಮೆಯಾಗಿತ್ತು, ನಿದ್ದೆ ಬರುತ್ತಿರಲಿಲ್ಲ, ಹೊಲಿಗೆ ಯಂತ್ರ ಬಿಟ್ಟು, ಕತ್ತರಿ ಹಿಡಿದು ಗಿರಾಕಿಗಳ ಬಟ್ಟೆಯ ಮುಂದೆ ಸುಮ್ಮನೆ ನಿಂತಿರುತ್ತಿದ್ದರು. ಅದು ಕಾಯಿಲೆ, ಔಷಧಿ ಇರುವ ಕಾಯಿಲೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಆಯಾಸ ಎಂದುಕೊಂಡೆವು. ಅಮ್ಮನ ‘ಸ್ವಲ್ಪ ತಡೀರಿ’ಯಿಂದ ಅವರು ಹೋಗಲಿಲ್ಲ. ಇದನ್ನು ನಾನು ಅಮ್ಮನಿಗೆ ನೂರು ಸಲ ಹೇಳಿದ್ದೇನೆ, ನೂರು ಸಲವೂ ಅವಳು ಹೌದು ಎಂದು, ಮತ್ತೆ ಚಹಾದ ಪಾತ್ರೆಯನ್ನು ನೋಡುತ್ತಾ ನಿಲ್ಲುತ್ತಾಳೆ. ಈಗಲೂ ಯಾರಾದರೂ ಚಹಾ ಕೇಳಿದರೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುವುದನ್ನು ನೀನೂ ನೋಡಿದ್ದೀಯ, ನಕ್ಕಿದ್ದೀಯ.

ಹೋದ ಗುರುವಾರ ಕಾದಂಬರಿಕಾರರು ಕೊನೆಯ ಪ್ರೂಫ್ ಹಿಡಿದು ಮಹಡಿ ಹತ್ತಿ ಬಂದರು. “ನನ್ನ ನಾಯಕ ಪಿಟೀಲು ನುಡಿಸೋನು ಕಣ್ರೀ, ಅವನ ಮನೆಗೆ ಅಂಗಿ ಕೇಳೋಕೆ ಯಾರು ಬಂದ್ರು?” ಎಂದು ಕೂಗಾಡಿದರು. ಕನ್ನಡಕದ ಮಾವ ಹಸ್ತಪ್ರತಿಯಲ್ಲೇ ಇದೆ ಎಂದು ಆಣೆಯಿಡುತ್ತಾ ಕಟ್ಟು ಬಿಚ್ಚಿದರು. ಪುಟ ತಿರುಗಿಸಿದರು, ಮತ್ತೆ ತಿರುಗಿಸಿದರು, ಆಮೇಲೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ನಾನು ಒಪ್ಪಿಕೊಂಡೆ. ಕೆಲಸ ಹೋಯಿತು ಎಂದೇ ತಿಳಿದಿದ್ದೆ. ಕಾದಂಬರಿಕಾರರು ಇದು ಸಾಹಿತ್ಯ, ಪೊಲೀಸರ ಪಂಚನಾಮೆಯಲ್ಲ ಎಂದರು. ಅಂಗಿ ಗುಂಡಿ ಎಲ್ಲ ಬಂದರೆ ಲಯ ಕೆಡುತ್ತದೆ ಎಂದರು. ನನಗೂ ಎಲ್ಲಿಂದ ಧೈರ್ಯ ಬಂತೋ, ನಮ್ಮ ಮನೆಯ ಲಯವೂ ಕೆಟ್ಟಿತ್ತು ಸಾರ್ ಎಂದುಬಿಟ್ಟೆ. ಅವರು ಆ ಹನ್ನೆರಡು ಸಾಲನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಆಮೇಲೆ ಅದೇ ಪೆನ್ನಿನಲ್ಲಿ ‘ಮನೆ ಹಗುರಾಯಿತು’ ಎಂಬುದನ್ನೂ ಹೊಡೆದರು. ಬಾಗಿಲ ತನಕ ಹೋಗಿ ತಿರುಗಿ, “ಆ ಹನ್ನೊಂದು ಅಂಗಿ ಏನಾಯ್ತಮ್ಮಾ?” ಎಂದು ಕೇಳಿದರು. ಅಮ್ಮ ಕಲಿತು ಹೊಲಿದಳು, ಒಂಬತ್ತು ಕೊಟ್ಟಳು, ಎರಡು ಕೆಟ್ಟುಹೋದವು ಎಂದೆ. ಕೊನೆಯ ಅಧ್ಯಾಯವನ್ನು ಮನೆಗೆ ಒಯ್ದಿದ್ದಾರೆ, ಇನ್ನೂ ಮರಳಿಸಿಲ್ಲ. ಕೆಲಸ ನಿಂತಿದೆ ಎಂದು ಮಾಲೀಕರು ಎಲ್ಲರ ಮೇಲೂ ಹರಿಹಾಯುತ್ತಿದ್ದಾರೆ, ಯಾರ ಕೆಲಸವನ್ನೂ ಕಿತ್ತುಕೊಂಡಿಲ್ಲ.

ಆತ್ಮಹತ್ಯೆಯ ಬಗ್ಗೆ ಬರೆಯಲೇಬಾರದು ಎಂದು ನಾನು ಹೇಳುವವಳಲ್ಲ. ಬಾಯಿ ಬಿಡದೆ ಇದ್ದುದರಿಂದಲೇ ನಾವು ಹೀಗಾದೆವು. ಬರೆಯಲಿ, ಆದರೆ ಅರ್ಧಕ್ಕೇ ಯಾಕೆ ನಿಲ್ಲಿಸುತ್ತಾರೆ? ಪುಸ್ತಕದಲ್ಲಿ ಹೋದವನಿಗೆ ಒಂದೇ ಕಾರಣ. ಮನೆಯಲ್ಲಿ ಉಳಿದವರಿಗೆ ದಿನಕ್ಕೊಂದು ಕಾರಣ ಹೊಳೆಯುತ್ತದೆ, ಒಂದೂ ನಿಲ್ಲುವುದಿಲ್ಲ. ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟಿತ್ತು ಎಂದರೆ, ಪಕ್ಕದ ಬೀದಿಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳಿದರೂ ಸುತ್ತುದಾರಿ ಹಿಡಿಯುತ್ತಿದ್ದೆ. ಸಿಟ್ಟಿನ ಕೆಳಗೆ ಇದ್ದದ್ದು ಪ್ರೀತಿಯೇ ಎಂದು ತಿಳಿಯಲು ಡಾಕ್ಟರು ಬೇಕಾಯಿತು. ಹೌದು, ಡಾಕ್ಟರು. ಎರಡು ವರ್ಷ ನಾನು ಬುಧವಾರ ಬುಧವಾರ ಹೊಲಿಗೆ ಕ್ಲಾಸಿಗೆ ಹೋಗುತ್ತೇನೆ ಎಂದು ಹೇಳುತ್ತಿದ್ದೆನಲ್ಲ, ಇಷ್ಟು ಕಲಿತರೂ ಒಂದು ದಿಂಬಿನ ಚೀಲ ಹೊಲಿಯಲು ಬರುವುದಿಲ್ಲವಲ್ಲ ಎಂದು ನೀನು ಗೇಲಿ ಮಾಡುತ್ತಿದ್ದೆಯಲ್ಲ, ಆಗ ಹೋಗುತ್ತಿದ್ದದ್ದು ಅವರ ಹತ್ತಿರ. ಬದುಕು ಸಾಕು ಎನ್ನಿಸಿದ ದಿನಗಳು ನನಗೂ ಇದ್ದವು. ಮಾತಾಡಿದೆ, ಮಾತ್ರೆ ತೆಗೆದುಕೊಂಡೆ, ದಿನಗಳು ನಿಧಾನವಾಗಿ ತಿಳಿಯಾದವು. ಈಗ ಚಹಾ ರುಚಿಸುತ್ತದೆ, ಕನ್ನಡಕದ ಮಾವನ ಮೇಲೆ ಜೋಕು ಹೊಳೆಯುತ್ತದೆ.

ನಿನ್ನನ್ನು ಅಮ್ಮನ ಕಣ್ಣೀರಿನಿಂದ ಕಟ್ಟಿಹಾಕಲು ಇದನ್ನೆಲ್ಲ ಬರೆಯುತ್ತಿಲ್ಲ. ನೀನು ನಮಗೆ ಹೊರೆಯಲ್ಲ, ಗುಬ್ಬೀ. ಹೊರೆಯೇ ಆದೆ ಎಂದಿಟ್ಟುಕೋ, ಆರು ವರ್ಷದ ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು, ನನಗೆ ರೂಢಿಯಿದೆ. ನೀನಿಲ್ಲದೆ ನನಗೆ ಬಹಳ ಕಷ್ಟವಾಗುತ್ತದೆ ಎಂದು ಹೇಳಲು ನಾಚಿಕೆಪಡುವ ವಯಸ್ಸು ನನಗೆ ದಾಟಿತು.

ಅಮ್ಮ ನಿನಗೆ ಬಾಯಿ ತುಂಬ ಹರಸಿದ್ದಾಳೆ. ಕನ್ನಡಕದ ಮಾವ ಕೇಳಿದ್ದಾರೆಂದು ತಿಳಿಸಲು ಹೇಳಿದ್ದಾರೆ. ನೂರು ಕಾಲ ಬಾಳು, ನನ್ನ ತಲೆ ತಿನ್ನುತ್ತಾ ಬಾಳು.

ನಿನ್ನ
ಅಕ್ಕ

ತಾ. ಕ.: ಅಂಚೆಗೆ ಹಾಕಿದರೆ ಇದು ನಿನಗೆ ತಲುಪಲು ಮೂರು ದಿನ. ಅಷ್ಟು ತಡೆಯುವವಳು ನಾನಲ್ಲ. ನಿನ್ನ ಮನೆಯೊಡತಿಗೆ ಫೋನ್ ಮಾಡಿ ವಿಷಯ ಹೇಳಿದ್ದೇನೆ. ಕಚೇರಿ ಬಿಡುವ ಹೊತ್ತಿಗೆ ಅವರ ಯಜಮಾನರು ಕಚೇರಿಯ ಬಾಗಿಲಲ್ಲೇ ಕಾದಿದ್ದು, ನಾನು ಬರುವ ತನಕ ನಿನ್ನನ್ನು ತಮ್ಮ ಮನೆಯಲ್ಲೇ ಕೂರಿಸಿಕೊಳ್ಳುತ್ತಾರೆ. ಅವರ ಮೇಲೆ ರೇಗಬೇಡ, ರೇಗುವುದಿದ್ದರೆ ನನ್ನ ಮೇಲೆ ರೇಗು. ಹನ್ನೆರಡು ಗಂಟೆಯ ಬಸ್ಸಿಗೆ ಹೊರಟಿದ್ದೇನೆ, ಇದನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಅಂದರೆ ನೀನು ಈ ಸಾಲು ಓದುವಾಗ ನಾನು ನಿನ್ನ ಎದುರಿಗೇ ಕೂತಿರುತ್ತೇನೆ. ಕೇಳಬೇಕಾದ್ದನ್ನು ಬಾಯಿಬಿಟ್ಟು ಕೇಳಲು ಆಗದೇ ಹೋದರೆ ಎಂದು ಬರೆದಿಡುತ್ತಿದ್ದೇನೆ. ಗುಬ್ಬೀ, ಸಾಯಬೇಕು ಅನ್ನಿಸುತ್ತಿದೆಯಾ? ಅಪ್ಪನನ್ನು ನಾವು ಯಾರೂ ಇದನ್ನು ಕೇಳಲಿಲ್ಲ. ಹೌದು ಎಂದರೆ ನನಗೆ ಹೆದರಿಕೆಯಾಗುತ್ತದೆ, ಆದರೆ ಎದ್ದು ಹೋಗುವುದಿಲ್ಲ. ಹತ್ತು ದಿನ ರಜೆ ಹಾಕಿದ್ದೇನೆ, ನಾಳೆ ಬೆಳಗ್ಗೆ ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ. ಈಗ ತಲೆಯೆತ್ತಿ ನನ್ನ ಕಡೆ ನೋಡು. ಹೇಳು.